ತೋಕಿಲುಪೆ ತೂಬಾ ಊದಿದಳು

ನಿಮ್ಮ ಓಣಿಯಲ್ಲೂ ಇಂಥವರೊಬ್ಬರು ಇರಬಹುದು. ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ಮೂಲೆ ಹಿಡಿದು ಕೂತಿರುತ್ತಾರೆ. "ಏನಾಯ್ತು?" ಎಂದರೆ "ಏನಿಲ್ಲ" ಅನ್ನುತ್ತಾರೆ. ಟೋಂಗಾ ದೇಶದ ವವಾಉ ದ್ವೀಪದಲ್ಲಿ ತೋಕಿಲುಪೆಗೂ ಹಾಗೇ ಆಗಿತ್ತು.

ಮೊದಲು ಅವಳು ಹೀಗಿರಲಿಲ್ಲ. ಊರಲ್ಲಿ ಮದುವೆಯಿರಲಿ, ಸಾವಿರಲಿ, ನೆಲಕ್ಕೆ ಹಾಸಲು, ಅಲ್ಲಿನ ರೂಢಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಲು ಅವಳು ಹೆಣೆದ ಚಾಪೆಯೇ ಆಗಬೇಕಿತ್ತು. ಕೇದಗೆಯ ಎಲೆಯನ್ನು ನೂಲಿನಷ್ಟು ಸಣ್ಣಗೆ ಸೀಳುವ ಬೆರಳು ಅವಳದು. ಹೆಂಗಸರು ಕೂತು ಹೆಣೆಯುವ ಮನೆಯಿಂದ ಅವಳ ನಗು ರಸ್ತೆಯವರೆಗೂ ಕೇಳುತ್ತಿತ್ತು. ಬರಬರುತ್ತಾ ಬೆರಳ ಗಂಟುಗಳು ಬಾತುಕೊಂಡವು. ಎಲೆ ಸೀಳಲು ಆಗದಾಯಿತು. ಅರ್ಧ ಹೆಣೆದ ಚಾಪೆಯನ್ನು ಸೊಸೆ ವಿಕಾಳ ಮಡಿಲಿಗೆ ಹಾಕಿ ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಊಟ ರುಚಿಸಲಿಲ್ಲ. ಚರ್ಚಿಗೆ ಹೋಗುವುದೂ ನಿಂತಿತು.

ಒಂದು ದಿನ ಗಂಡ ಫಿಲಿಮೋನೆ ಕೆಸುವಿನ ಎಲೆಯಲ್ಲಿ ಮಾಂಸ, ತೆಂಗಿನ ಹಾಲು ಸೇರಿಸಿ ಕಟ್ಟಿ, ನೆಲ ಅಗೆದು ಮಾಡಿದ ಒಲೆಯಲ್ಲಿ ಬೇಯಿಸಿ ತಂದು ಮುಂದಿಟ್ಟ.

"ನಿನಗಿಷ್ಟ ಅಂತ ಮಾಡಿದೀನಿ. ಎದ್ದು ಒಂದು ತುತ್ತು ತಿನ್ನೇ."

"ತಿಂದು ಏನ್ ಮಾಡ್ಲಿ?" ಎಂದಳು ತೋಕಿಲುಪೆ.

ಫಿಲಿಮೋನೆ ಊಟ ಅಲ್ಲೇ ಬಿಟ್ಟು ಎದ್ದ. ಅವನು ನೇರ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸ್ ಲೋಸಾಳನ್ನು ಕರೆತಂದ. ಲೋಸಾ ತೋಕಿಲುಪೆಯ ಚಿಕ್ಕಮ್ಮನ ಮಗಳೇ. ಬಿ.ಪಿ. ನೋಡಿದಳು, ರಕ್ತ ತೆಗೆದುಕೊಂಡು ಹೋದಳು, ಬೆರಳ ಊತಕ್ಕೆ ಮಾತ್ರೆ ಕೊಟ್ಟಳು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮತ್ತೆ ಬಂದು ಚಾಪೆಯ ಮೇಲೆ ಕಾಲು ಮಡಚಿ ಕೂತಳು.

"ಅಕ್ಕಾ, ರಕ್ತ ಚೆನ್ನಾಗಿದೆ. ಹೃದಯಾನೂ ಗಟ್ಟಿ ಇದೆ. ಆದ್ರೂ ನಿನಗೆ ಸುಸ್ತು. ಯಾಕೆ ಗೊತ್ತಾ? ಬೆಳಿಗ್ಗೆ ಎದ್ದು ಮಾಡೋಕೆ ನಿನ್ನದು ಅಂತ ಏನೂ ಉಳಿದಿಲ್ಲ."

"ಚಾಪೆ ಇತ್ತು, ಹೋಯ್ತು. ಈ ವಯಸ್ಸಲ್ಲಿ ಇನ್ನೇನಿದೆ?"

"ಚಾಪೆ ಬಿಡು. ಚಿಕ್ಕೋಳಿದ್ದಾಗ ಏನು ಆಸೆ ಇತ್ತು? ಯಾರಿಗೂ ಹೇಳದೆ ಇಟ್ಕೊಂಡಿದ್ದು?"

ತೋಕಿಲುಪೆಯ ಮುಖ ಸ್ವಲ್ಪ ಕೆಂಪಾಯಿತು.

"ನಗಬಾರದು ಮತ್ತೆ. ಗಂಡುಹುಡುಗರ ಶಾಲೇಲಿ ಬ್ಯಾಂಡ್ ಬಾರಿಸ್ತಿದ್ರಲ್ಲ, ಬೇಲಿ ಹತ್ರ ನಿಂತು ಕೇಳ್ತಿದ್ದೆ. ಆ ದೊಡ್ಡ ಹಿತ್ತಾಳೆ ಕಹಳೆ, ತೂಬಾ... ಅದು ಊದಿದ್ರೆ ನನ್ನ ಹೊಟ್ಟೆಯೊಳಗೇ ಗುಂಯ್ ಅಂತಿತ್ತು. ಅದನ್ನ ಊದಬೇಕು ಅಂತಿತ್ತು."

ಫಿಲಿಮೋನೆ ನಕ್ಕ. ಸಣ್ಣದಾಗಿ ಅಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಅಯ್ಯೋ ದೇವರೇ! ತೂಬಾ ನೀನು ಊದ್ತೀಯೋ, ತೂಬಾ ನಿನ್ನ ಊದುತ್ತೋ? ಊರಿನ ನಾಯಿಗಳೆಲ್ಲ ಈಜಿ ಪಕ್ಕದ ದ್ವೀಪಕ್ಕೆ ಹೋಗ್ತವೆ ಕಣೇ!"

ತೋಕಿಲುಪೆ ದಡಕ್ಕನೆ ಎದ್ದು ನಿಂತಳು. ಕೈಗೆ ಸಿಕ್ಕ ಬೀಸಣಿಗೆಯನ್ನು ಅವನತ್ತ ಎಸೆದಳು. "ಮೂವತ್ತು ವರ್ಷ ನಿನ್ನ ಗೊರಕೆ ಸಹಿಸ್ಕೊಂಡಿದೀನಿ! ನಾಯಿ ಯಾವತ್ತಾದ್ರೂ ಓಡಿಹೋಗಿತ್ತಾ?"

ಲೋಸಾ ಚಪ್ಪಾಳೆ ತಟ್ಟಿದಳು. "ನೋಡು ಅಕ್ಕಾ, ಎಷ್ಟು ದಿನದ ಮೇಲೆ ನೀನಾಗಿ ಎದ್ದೆ! ಶಕ್ತಿ ಎಲ್ಲೂ ಹೋಗಿಲ್ಲ, ನಿನ್ನೊಳಗೇ ಇದೆ. ಅದಕ್ಕೊಂದು ಕೆಲಸ ಕೊಡು."

ಚರ್ಚಿನ ಬ್ಯಾಂಡಿಗೆ ಆಗ ನಿಜಕ್ಕೂ ಜನ ಬೇಕಿತ್ತು. ತೂಬಾ ಊದುವವನು ಹಣ್ಣು ಕೀಳುವ ಕೆಲಸಕ್ಕೆ ನ್ಯೂಜಿಲೆಂಡಿಗೆ ಹೋಗಿದ್ದ. ಬ್ಯಾಂಡ್ ಕಲಿಸುವ ಕಿತೋನೆ ಮೇಷ್ಟ್ರು ತೋಕಿಲುಪೆಯನ್ನು ಕಂಡು ಕನ್ನಡಕ ಏರಿಸಿದರು.

"ಬೆರಳು ನೋವು ಅಂತೀರಲ್ಲಮ್ಮ?"

"ಎಲೆ ಸೀಳೋಕೆ ಆಗಲ್ಲ ಮೇಷ್ಟ್ರೇ. ತೂಬಾದ ಮೂರು ಗುಂಡಿ ಒತ್ತೋಕೆ ಇಷ್ಟು ಸಾಕಲ್ವಾ?"

ಮೇಷ್ಟ್ರು ನಗುತ್ತಾ ತೂಬಾ ತಂದು ಅವಳ ತೊಡೆಯ ಮೇಲಿಟ್ಟರು. ಮೊದಲ ದಿನ ಬರೀ ಗಾಳಿ ಬಂತು. ಎರಡನೆಯ ದಿನ ಎಂಥದೋ ಗೊರ್ರ್ ಎಂಬ ಸದ್ದು ಬಂತು. ಸಂಜೆಯ ಮೇವಿಗೆ ಕರೆದರೆಂದು ತಿಳಿದು ಅಕ್ಕಪಕ್ಕದ ಹಂದಿಗಳೆಲ್ಲ ಮರಿಗಳ ಸಮೇತ ಓಡಿಬಂದು ಬಾಗಿಲಲ್ಲಿ ನಿಂತವು. ಇಡೀ ಬ್ಯಾಂಡ್ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ತೋಕಿಲುಪೆ.

ಆದರೆ ಎಲ್ಲ ದಿನವೂ ನಗು ಬರಲಿಲ್ಲ. ತುಟಿ ಊದಿಕೊಂಡಿತು. ಉಸಿರು ಸಾಲುತ್ತಿರಲಿಲ್ಲ. ಒಮ್ಮೆ ಅವಳು ತಾಳ ತಪ್ಪಿದ್ದಕ್ಕೆ ಹಾಡೇ ಕುಸಿದುಬಿತ್ತು. "ಅಜ್ಜೀ, ಚಾಪೆ ಹೆಣೆಯೋದೇ ವಾಸಿ, ಹೋಗಿ," ಎಂದು ಯಾರೋ ಹಿಂದಿನ ಸಾಲಿನಿಂದ ಅಂದರು. ಅವಳು ತೂಬಾ ಕೆಳಗಿಟ್ಟು ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನವೂ ಏಳಲಿಲ್ಲ.

ಲೋಸಾ ಬಂದಳು.

"ಇವತ್ತು ಹೋಗಲ್ವಾ ಅಕ್ಕಾ?"

"ಮನಸ್ಸಿಲ್ಲ. ಹುರುಪು ಬಂದಾಗ ಹೋಗ್ತೀನಿ."

"ಮಲಗಿದಲ್ಲಿಗೆ ಅದು ಬರಲ್ಲ ಅಕ್ಕಾ. ನೀನು ಹೋದ್ರೆ ಅದು ಹಿಂದೆ ಬರುತ್ತೆ. ಊದಬೇಡ, ಸುಮ್ನೆ ಹೋಗಿ ಅವರ ಜೊತೆ ಕೂತು ಬಾ. ಅಷ್ಟು ಆಗುತ್ತೆ ತಾನೇ?"

ಅಷ್ಟು ಆಗುತ್ತಿತ್ತು. ತೋಕಿಲುಪೆ ಹೋದಳು, ಮೂಲೆಯಲ್ಲಿ ಕೂತಳು. ತೂಬಾ ಇಲ್ಲದೆ ಹಾಡು ತೇಲಿ ತೇಲಿ ಹೋಗುತ್ತಿತ್ತು. ಅವಳ ಪಾದ ತಾನಾಗಿ ನೆಲ ತಟ್ಟತೊಡಗಿತು. ಮೂರನೆಯ ಹಾಡಿಗೆ ತಡೆಯಲಾಗದೆ, "ಕೊಡಿ ಇಲ್ಲಿ ಅದನ್ನ," ಎಂದು ಕೈ ಚಾಚಿದಳು. ಅವತ್ತು ಹಾಗಂದಿದ್ದ ಹಿಂದಿನ ಸಾಲಿನ ಹುಡುಗನೇ ಎತ್ತಿಕೊಂಡು ಬಂದು ಕೊಟ್ಟ. "ತಪ್ಪಾಯ್ತು ಅಜ್ಜೀ," ಎಂದ. "ಆಯ್ತು ಬಿಡಪ್ಪ. ಈಗ ನೀನು ತಾಳ ತಪ್ಪಬೇಡ," ಎಂದಳು.

ಅಂದಿನಿಂದ ದಿನಾ ಸ್ವಲ್ಪ ಸ್ವಲ್ಪ ಊದಿದಳು. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನಡೆದು ಉಸಿರು ಉದ್ದ ಮಾಡಿಕೊಂಡಳು. ನಡೆದು ಬಂದವಳಿಗೆ ಹಸಿವಾಯಿತು. ಊಟದ ಹೊತ್ತಿಗೆ ಹಾಡಿನ ವಿಷಯ ಬಂತು. ಫಿಲಿಮೋನೆಗೆ ಒಂದು ಸಂಜೆ ಥಟ್ಟನೆ ಹೊಳೆಯಿತು: ಇವಳು ನಿಟ್ಟುಸಿರು ಬಿಟ್ಟು ಎಷ್ಟೋ ದಿನವಾಯಿತು. ಮರುದಿನ ತೋಟಕ್ಕೆ ಒಯ್ಯುವ ತಳ್ಳುಗಾಡಿಯನ್ನು ತೊಳೆದು ಒರೆಸಿ ಬಾಗಿಲಿಗೆ ತಂದು ನಿಲ್ಲಿಸಿದ.

"ಇದ್ಯಾಕೆ?"

"ನಿನ್ನ ಹಿತ್ತಾಳೆ ಮಗು ಭಾರ ಇದೆಯಲ್ಲ. ನಾನು ತಳ್ತೀನಿ, ನಡಿ."

ಮೇ ತಿಂಗಳಲ್ಲಿ ಚರ್ಚಿನ ಮಕ್ಕಳ ಹಬ್ಬವಾದ ಮಕ್ಕಳ ಭಾನುವಾರ ಬಂತು. ಮಕ್ಕಳು ಬಿಳಿ ಬಟ್ಟೆ ತೊಟ್ಟು ಬ್ಯಾಂಡಿನ ಹಿಂದೆ ಚರ್ಚಿಗೆ ಮೆರವಣಿಗೆ ಹೊರಟರು. ವಿಕಾ ಅತ್ತೆಯ ಸೊಂಟಕ್ಕೆ ಹೊಸ ಚಾಪೆ ಸುತ್ತಿ ಬಿಗಿಯಾಗಿ ಕಟ್ಟಿದ್ದಳು. ತಿರುವಿನಲ್ಲಿ ಜನ ಕೂಗಾಡಿದ ಗದ್ದಲಕ್ಕೆ ಮುಂದಿನ ಸಾಲಿನ ಕಹಳೆಗಳು ತಾಳ ಬಿಟ್ಟು ಓಡತೊಡಗಿದವು. ಪುಟಾಣಿಗಳ ಕಾಲು ತೊಡರಿಕೊಂಡಿತು. ಪಟ್ಟಿ ಬಿಗಿದು ತೂಬಾವನ್ನು ಹೆಗಲಿಗೆ ಹಾಕಿಕೊಂಡಿದ್ದ ತೋಕಿಲುಪೆ ಮಾತ್ರ ಅವಸರ ಮಾಡಲಿಲ್ಲ. ಹೊಟ್ಟೆಯ ಆಳದಿಂದ ಉಸಿರು ತಂದು ಊದಿದಳು. ಬೂಂ. ಬೂಂ. ಬೂಂ. ಮಕ್ಕಳು ಆ ಸದ್ದಿಗೇ ಕಾಲು ಹಾಕಿದರು. ಕಹಳೆಗಳೂ ಅವಳ ತಾಳಕ್ಕೆ ಹಿಂದಿರುಗಿದವು. ಹೆಣೆಯುವ ಮನೆಯ ಹೆಂಗಸರು ರಸ್ತೆಗಿಳಿದು ಕೇಕೆ ಹಾಕಿದರು.

ಎಂದೂ ಕುಣಿಯದ ಫಿಲಿಮೋನೆ ಅಂದು ಬ್ಯಾಂಡಿನ ಮುಂದೆ ತೋಳೆತ್ತಿ ಕುಣಿದ. ಪ್ರಾರ್ಥನೆ ಮುಗಿದ ಮೇಲೆ ಕಿತೋನೆ ಮೇಷ್ಟ್ರ ಹತ್ತಿರ ಹೋಗಿ ತಲೆ ಕೆರೆದುಕೊಂಡು ನಿಂತ.

"ಮೇಷ್ಟ್ರೇ, ಆ ದೊಡ್ಡ ಡೋಲು ಬಾರಿಸೋದು ಬಹಳ ಕಷ್ಟವಾ?"

"ತೋಕಿಲುಪೆಯಮ್ಮ ಒಪ್ಪಿದ್ರೆ ನಾಳೆಯಿಂದ ಬಾ," ಎಂದರು ಮೇಷ್ಟ್ರು.

ತೋಕಿಲುಪೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ನಾಳೆ ಯಾಕೆ? ಇವತ್ತೇ ಕೂತ್ಕೋ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಒಂದು ಆಸೆ ಇರುತ್ತದೆ. ಹಾಡುವುದೋ, ಗಿಡ ನೆಡುವುದೋ, ಅಕ್ಷರ ಕಲಿಯುವುದೋ, ಇನ್ನೊಬ್ಬರಿಗೆ ಕಲಿಸುವುದೋ. ಈ ವಯಸ್ಸಿಗೆ ಯಾಕೆ ಎಂದು ಅದನ್ನು ತಳ್ಳಿಹಾಕಬೇಡಿ. ಇವತ್ತೇ ಒಬ್ಬರ ಹತ್ತಿರ ಬಾಯಿ ಬಿಟ್ಟು ಹೇಳಿ, ಸ್ವಲ್ಪವೇ ಆದರೂ ಶುರು ಮಾಡಿ, ನಾಲ್ಕು ಜನರ ಜೊತೆ ಮಾಡಿ. ಬೇಸರ ವಾರಗಟ್ಟಲೆ ಬಿಡದಿದ್ದರೆ ಮುಚ್ಚಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಮನೆಯಲ್ಲಿ ಯಾರಾದರೂ ತಮ್ಮ ಆಸೆ ಹೇಳಿಕೊಂಡರೆ ನಗಬೇಡಿ. ನಕ್ಕರೂ ಪರವಾಗಿಲ್ಲ, ಆಮೇಲೆ ಅವರ ಜೊತೆ ಹೊರಡಿ.