ಚಿಕ್ಕಮ್ಮನ ಮರೆವು

ಚಿಕ್ಕಮ್ಮನಿಗೆ ಮರೆವು ಶುರುವಾಗಿದೆ ಎಂದು ಮೊದಲು ಬಾಯಿಬಿಟ್ಟು ಹೇಳಿದವರು ಗಡುವು ಫಾದರ್.

ಅವರು ನಮ್ಮ ಹೊಸ ಕ್ಯಾಂಪಸ್ಸಿನ ನಿರ್ದೇಶಕರು. ಪೇಟೆಯ ನಡುವೆ ಇಕ್ಕಟ್ಟಾಗಿ ಕೂತಿದ್ದ ನಮ್ಮ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಊರಾಚೆ ಜಾಗ ಕೊಂಡು, ವಿಜ್ಞಾನ ತಂತ್ರಜ್ಞಾನಕ್ಕೆಂದೇ ಇನ್ನೊಂದು ಕ್ಯಾಂಪಸ್ ಕಟ್ಟಲು ಹೊರಟಾಗ ಆ ಹೊರೆಯನ್ನು ಅವರ ತಲೆಗೆ ಕಟ್ಟಿತು. ಅಂದಿನಿಂದ ಬಾಯಿ ತೆರೆದರೆ ಗಡುವು. ಗಾರೆಯವನಿಗೆ ಗಡುವು, ಬಣ್ಣದವನಿಗೆ ಗಡುವು, ಹುಲ್ಲು ಚಿಗುರುವುದಕ್ಕೂ ಗಡುವು. ಹೆಸರು ಇಟ್ಟವಳು ನಾನೇ, ಆದರೆ ಕ್ಯಾಂಪಸ್ಸಿನಲ್ಲಿ ಎಲ್ಲರೂ ಅವರ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು. ನನ್ನದು ಕಟ್ಟಡಗಳ ಉಸ್ತುವಾರಿ. ಕರೆಂಟು, ನೀರು, ಲಿಫ್ಟು, ಸೋರುವ ನಲ್ಲಿ ಎಲ್ಲ ನನ್ನ ಪಾಲಿಗೆ. ಬೈಸಿಕೊಳ್ಳುವುದೂ ನನ್ನ ಪಾಲಿಗೇ.

"ಸಿಸ್ಟರ್‌ಗೆ ವಯಸ್ಸಾಯ್ತಮ್ಮಾ," ಎಂದರು ಫಾದರ್, ನನ್ನ ಮುಖ ನೋಡದೆ. "ನಂದಾದೀಪ ಮತ್ತೆ ಆರಿಹೋಗಿದೆ. ಎಣ್ಣೆ ಇದೆ, ಬತ್ತಿ ಇದೆ, ಹಚ್ಚೋದಷ್ಟೇ ಮರೀತಾರೆ. ನಾನೇನು ಮಾಡ್ಲಿ ಹೇಳಿ."

ಆ ಸಿಸ್ಟರ್ ನನ್ನ ಚಿಕ್ಕಮ್ಮ, ಅಮ್ಮನ ಬೆನ್ನಿಗೆ ಬಿದ್ದ ತಂಗಿ. ಅಮ್ಮ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದಾಗ ನನ್ನನ್ನು ಎತ್ತಿ ಆಡಿಸಿದವಳು ಅವಳು. ಆಮೇಲೆ ಕಾನ್ವೆಂಟ್ ಸೇರಿ ಸನ್ಯಾಸಿನಿಯಾದಳು. ಅಮ್ಮ ತೀರಿಕೊಂಡಾಗ ನನ್ನ ಕೈಹಿಡಿದು ಅಲ್ಲಿನ ಹಾಸ್ಟೆಲಿಗೆ ಕರೆದುಕೊಂಡು ಹೋದಳು. ನನಗಿರುವ ತಾಯಿ ತಂದೆ ಬಂಧು ಬಳಗ ಎಲ್ಲ ಆ ಒಂದೇ ಜೀವ. ಬದುಕಿಡೀ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ನಿವೃತ್ತಿಯಾದ ಮೇಲೆ ಹೊಸ ಕ್ಯಾಂಪಸ್ಸಿನ ಪ್ರಾರ್ಥನಾಲಯ ನೋಡಿಕೊಳ್ಳಲು ಬಂದಿದ್ದಳು.

ಪ್ರಾರ್ಥನಾಲಯ ಅನ್ನುವುದು ದೊಡ್ಡ ಮಾತಾಯಿತು. ನಕ್ಷೆಯಲ್ಲಿದ್ದ ಗಾಜಿನ ಪ್ರಾರ್ಥನಾಲಯ ಇನ್ನೂ ಕಂಬ ಮತ್ತು ಕಬ್ಬಿಣದ ಸರಳುಗಳಷ್ಟೇ ಆಗಿತ್ತು. ಪೂರ್ತಿ ಎದ್ದು ನಿಂತಿದ್ದು ಭೌತಶಾಸ್ತ್ರದ ಕಟ್ಟಡ ಒಂದೇ. ಅದರ ಕೆಳಗೆ, ಅರ್ಧ ನೆಲದೊಳಗೆ ಹುದುಗಿದ ಉಗ್ರಾಣದ ಕೋಣೆಗೆ ಸುಣ್ಣ ಬಳಿದು, ಹಳೆಯ ಕ್ಯಾಂಪಸ್ಸಿನ ಬೆಂಚುಗಳನ್ನು ಹಾಕಿ, ಬಲಿಪೀಠ ಇಟ್ಟಿದ್ದೆವು. ಕೆಲವು ಮೆಟ್ಟಿಲು ಇಳಿದು ಹೋಗಬೇಕು. ಇದ್ದದ್ದು ಒಂದೇ ಕಿಟಕಿ. ಅದು ಕಟ್ಟಡದ ಹಿಂದೆ ಗಾಳಿಗೆಂದು ಬಿಟ್ಟಿದ್ದ ಬಾವಿಯಂಥ ಕಿರಿದಾದ ಜಾಗಕ್ಕೆ ತೆರೆಯುತ್ತಿತ್ತು. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಇರುವ ಕಡೆ ಹಗಲೂ ರಾತ್ರಿ ಒಂದು ದೀಪ ಉರಿಯುತ್ತಿರಬೇಕು, ಅದು ನಿಯಮ. ನಮ್ಮ ನಂದಾದೀಪ ಬಲಿಪೀಠದ ಪಕ್ಕದಲ್ಲಿ ನೆಲದ ಮೇಲೆ, ಗಿಡ್ಡ ಮಣೆಯೊಂದರ ಮೇಲೆ ಕೂತಿತ್ತು. ಗೋಡೆ ಇನ್ನೂ ಹಸಿ, ಮೊಳೆ ಹೊಡೆಯುವ ಹಾಗಿರಲಿಲ್ಲ.

"ಹಿರಿಯ ಸಿಸ್ಟರ್‌ಗಳ ಆಶ್ರಮಕ್ಕೆ ಕಳಿಸೋಣ ಅಂತ," ಎಂದರು ಫಾದರ್. "ಅಲ್ಲಿ ನೋಡ್ಕೊಳ್ಳೋರಿದ್ದಾರೆ."

ಆ ಆಶ್ರಮ ಇಡೀ ದಿನದ ಪ್ರಯಾಣ. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ನಾನು ಕಂಡಿಲ್ಲ. ನನಗೆ ಮೈ ಉರಿದುಹೋಯಿತು. "ದೀಪ ಆರಿದ್ರೆ ಹಚ್ಚಿದ್ರಾಯ್ತು ಫಾದರ್, ಮನುಷ್ಯರನ್ನ ಸಾಗಹಾಕ್ತಾರಾ?" ಎಂದು ಬಾಯಿಗೆ ಬಂದಂತೆ ಅಂದು ಎದ್ದು ಬಂದೆ. ಸಿಟ್ಟು ಮೇಲೆ ಇತ್ತು, ಅದರ ಕೆಳಗಿದ್ದದ್ದು ಹೆದರಿಕೆ. ಯಾಕೆಂದರೆ ಅಜ್ಜಿ, ಅಂದರೆ ಚಿಕ್ಕಮ್ಮನ ಅಮ್ಮ, ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ 'ನೀವು ಯಾರು' ಎಂದು ಕೇಳಿದವಳು. ಅದು ನಮ್ಮ ರಕ್ತದಲ್ಲೇ ಇದೆಯೇನೋ ಎಂಬ ಹುಳ ನನ್ನ ತಲೆಯಲ್ಲಿ ಮೊದಲಿನಿಂದಲೂ ಕೊರೆಯುತ್ತಿತ್ತು.

ಚಿಕ್ಕಮ್ಮನ ತಲೆಯಲ್ಲೂ ಕೊರೆಯುತ್ತಿತ್ತು ಎಂದು ಗೊತ್ತಾದದ್ದು ಅವಳು ನನ್ನ ಕೋಣೆಗೆ ಬಂದು, ಪೈಪು ಫ್ಯೂಸುಗಳ ನಡುವೆ ಸ್ಟೂಲಿನ ಮೇಲೆ ಕೂತಾಗ.

"ಪುಟ್ಟೀ, ದೀಪ ಹಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ ಕಣೇ. ಕಡ್ಡಿ ಗೀರಿದ್ದು, ಬೆರಳು ಚುರ್ ಅಂದಿದ್ದು ಎಲ್ಲ. ಹೋಗಿ ನೋಡಿದ್ರೆ ಆರಿರುತ್ತೆ. ಹಾಗಾದ್ರೆ ನನಗೆ ನೆನಪಿರೋದು ನಿನ್ನೇದಾ, ಇವತ್ತಿಂದಾ?"

"ಗಾಳಿಗೆ ಆರಿರುತ್ತೆ ಬಿಡು."

"ಅಲ್ಲಿ ಎಲ್ಲಿಯ ಗಾಳಿ? ಜಪಸರ ಹಿಡ್ಕೊಂಡು ಮೊಣಕಾಲೂರಿದ್ರೆ ಅರ್ಧದಲ್ಲಿ ಎಲ್ಲಿದ್ದೆ ಅಂತಾನೇ ಗೊತ್ತಾಗಲ್ಲ. ಮಾತು ಕಲಸಿಹೋಗುತ್ತೆ. ಹೊರಗೆ ಬಂದು ಕೂತ್ರೆ ಸರಿಹೋಗುತ್ತೆ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು, ಬಂದು ಹೋಗಿ, ಬಂದು ಹೋಗಿ." ಅವಳು ನನ್ನ ಕೈ ಹಿಡಿದುಕೊಂಡಳು. "ಸಾವಿಗೆ ನಾನು ಹೆದರಲ್ಲ. ನಿನ್ನ ಮುಖ ನೋಡಿ ನೀನು ಯಾರು ಅಂತ ಕೇಳೋ ದಿನಕ್ಕೆ ಹೆದರ್ತೀನಿ."

ನಾನು ನಕ್ಕು ಹಾರಿಸಿದೆ. ಆದರೆ ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ್ದಕ್ಕೆಲ್ಲ ಅವಳು ಪಟಪಟನೆ ಉತ್ತರ ಕೊಟ್ಟು, ಕೂಡುವ ಲೆಕ್ಕದಲ್ಲಿ ಡಾಕ್ಟರನ್ನೇ ತಿದ್ದಿದಳು. ಆದರೂ ಅವರು, "ಆರಂಭದಲ್ಲಿ ಹೀಗೇ ಇರುತ್ತೆ, ಗಮನಿಸ್ತಾ ಇರಿ," ಎಂದರು. ಸರಿ, ಗಮನಿಸತೊಡಗಿದೆ. ಅವಳು ಕನ್ನಡಕ ಹುಡುಕಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದೆ, ಅವಳು ಕೂರುವ ಕೋಣೆಯನ್ನು ಮಾತ್ರ ನೋಡಲಿಲ್ಲ.

ಕ್ಯಾಂಪಸ್ಸಿಗೆ ಮಾನ್ಯತೆ ಕೊಡುವ ತಂಡ ಬರುವ ದಿನ ಹತ್ತಿರವಾಯಿತು. ಹಿಂದಿನ ದಿನ ಫಾದರ್ ನನ್ನನ್ನು ತಡೆದು ನಿಲ್ಲಿಸಿ, "ನಾಳೆ ಬಿಷಪರೂ ಬರ್ತಾರೆ. ಅವರ ಮುಂದೆ ದೀಪ ಆರಿದ್ರೆ ಸಿಸ್ಟರ್‌ನ ಇಟ್ಕೊಳ್ಳೋಕೆ ನನ್ನಿಂದ ಆಗಲ್ಲಮ್ಮಾ," ಎಂದರು. ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಮಧ್ಯಾಹ್ನವಿಡೀ ಚಿಕ್ಕಮ್ಮನ ಜೊತೆ ಅಲ್ಲೇ ಕೂತು ದೀಪ ಕಾಯೋಣ ಎಂದುಕೊಂಡೆ. ಆದರೆ ನೀರಿನ ಪಂಪು ಕೈಕೊಟ್ಟು ಹೊರಡುವುದು ತಡವಾಯಿತು. ಮೇಲಿನ ಲ್ಯಾಬಿನಲ್ಲಿ ಭೌತಶಾಸ್ತ್ರದ ಮೇಡಂ ಮರುದಿನದ ಪ್ರದರ್ಶನಕ್ಕೆಂದು ದೊಡ್ಡ ಉಕ್ಕಿನ ಪಾತ್ರೆಗೆ ದ್ರವ ನೈಟ್ರೋಜನ್ ತುಂಬಿಸುತ್ತಿದ್ದರು. ಅದರ ಬುಸುಗುಟ್ಟುವ ಸದ್ದು ಅಂಗಳಕ್ಕೂ ಕೇಳುತ್ತಿತ್ತು.

ಮೆಟ್ಟಿಲು ಇಳಿದೆ. ದೀಪ ಆರಿತ್ತು. ಚಿಕ್ಕಮ್ಮ ಬಲಿಪೀಠದ ಮುಂದೆ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿಕೊಂಡಿದ್ದಳು. ನನಗೆ ಮೊದಲು ಬಂದದ್ದು ಸಿಟ್ಟೇ. ಕೂತಿರುವುದು ಕೈಯಳತೆಯಲ್ಲಿ, ಆರಿದ್ದು ಕಾಣಿಸಲಿಲ್ಲವೇ? "ಚಿಕ್ಕಮ್ಮಾ," ಎಂದೆ. ಏಳಲಿಲ್ಲ. ಫಾದರ್ ಬಂದುಬಿಟ್ಟರೆ ಎಂಬ ಗಾಬರಿಗೆ, ಅವಳನ್ನು ಆಮೇಲೆ ಎಬ್ಬಿಸಿದರಾಯಿತು ಎಂದುಕೊಂಡು ಬೆಂಚಿನ ಮೇಲಿದ್ದ ಬೆಂಕಿಪೊಟ್ಟಣ ತೆಗೆದುಕೊಂಡೆ.

ಕಡ್ಡಿ ಗೀರಿದೆ. ಹೊತ್ತಿಕೊಂಡಿತು. ದೀಪದ ಕಡೆ ಬಾಗುತ್ತಲೇ ಆರಿತು. ಇನ್ನೊಂದು ಗೀರಿದೆ, ಅದೂ ಹಾಗೇ. ಪೊಟ್ಟಣ ಥಂಡಿ ಹಿಡಿದಿದೆ ಎಂದು ಸ್ಟೋರಿನವನಿಗೆ ಮನಸ್ಸಿನಲ್ಲೇ ಸಹಸ್ರನಾಮ ಹೇಳಿ ಮೂರನೆಯದನ್ನು ಗೀರಿದೆ. ಪಾದಗಳಿಗೆ ತಣ್ಣಗೆ ಹತ್ತುತ್ತಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಯಾಕೋ ನಗು ಬಂತು, ಕೆಲಸಕ್ಕೆ ಬಾರದ ನಗು. ಈ ಸಲ ಕಡ್ಡಿಯನ್ನು ನಿಧಾನವಾಗಿ ಇಳಿಸಿದೆ. ಎದೆಯ ಮಟ್ಟದಲ್ಲಿ ಉರಿಯುತ್ತಿತ್ತು. ಸೊಂಟದ ಹತ್ತಿರ ಕುಗ್ಗಿತು. ಮೊಣಕಾಲಿನ ಹತ್ತಿರ ಹೋದಾಗ, ನೀರಿನಲ್ಲಿ ಅದ್ದಿದ ಹಾಗೆ, ಆರಿತು.

ಕೋಣೆಯಲ್ಲಿ ಏನೋ ತುಂಬಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಮೂಗಿಗೆ ತಿಳಿಯುತ್ತಿರಲಿಲ್ಲ. ಚಿಕ್ಕಮ್ಮ ಅದರ ತಳದಲ್ಲಿದ್ದಳು.

ಜೀವ ಬಾಯಿಗೆ ಬಂತು ಅನ್ನುತ್ತಾರಲ್ಲ, ಆವತ್ತು ಅದು ಏನೆಂದು ಗೊತ್ತಾಯಿತು. ಉಸಿರು ಬಿಗಿಹಿಡಿದು ಅವಳ ಎರಡೂ ತೋಳಿಗೆ ಕೈಹಾಕಿ ಎಳೆದೆ. ಗುಬ್ಬಿಯಂಥ ಮುದುಕಿ, ಆದರೆ ಕಲ್ಲಿನಂತೆ ಭಾರವಾಗಿದ್ದಳು. ತುಟಿ ನೀಲಿಯಾಗಿತ್ತು. ಬೆಂಚುಗಳಿಗೆ ಅವಳ ಕಾಲು ಬಡಿಯುತ್ತಿತ್ತು, ನಾನು ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ನನ್ನ ಕಾಲೂ ಸೋತಿತು. ಕೂಗಿದೆನೋ ಇಲ್ಲವೋ ತಿಳಿಯದು. ಕಬ್ಬಿಣ ಕಟ್ಟುತ್ತಿದ್ದ ಕೆಲಸದವರು ಓಡಿಬಂದು ಇಬ್ಬರನ್ನೂ ಅಂಗಳಕ್ಕೆ ಎಳೆದು ಹಾಕಿದರು.

ಸದ್ದು ಕೇಳಿ ಕೆಳಗಿಳಿದ ಭೌತಶಾಸ್ತ್ರದ ಮೇಡಂ ನಮ್ಮನ್ನು ನೋಡಿದರು, ಆ ಮೆಟ್ಟಿಲುಗಳನ್ನು ನೋಡಿದರು, ಮತ್ತೆ ಮೇಲೆ ಓಡಿ ನೈಟ್ರೋಜನ್ ಬರುವ ನಲ್ಲಿ ಮುಚ್ಚಿ ಬಂದರು. ಬಂದವರು ಚಿಕ್ಕಮ್ಮನ ಎದೆ ಒತ್ತುತ್ತಾ ಹೇಳಿದರು. "ನೈಟ್ರೋಜನ್ ಇದು. ಆವಿಯಾಗಿದ್ದು ಪೈಪಲ್ಲಿ ತಾರಸಿಗೆ ಹೋಗ್ಬೇಕಿತ್ತು. ತಾರಸಿ ಕೆಲಸ ಮುಗಿದಿಲ್ಲ, ತಾತ್ಕಾಲಿಕವಾಗಿ ಪೈಪಿನ ತುದಿ ಹಿಂದುಗಡೆ ಬಿಟ್ಟಿದ್ದೀವಿ ಅಂದ್ರು ಕಟ್ಟಡದೋರು. ಹಿಂದುಗಡೆ ಅಂದ್ರೆ ಈ ಕಿಟಕಿ ಅಂತ ನನಗೆ ಗೊತ್ತಿರ್ಲಿಲ್ಲ. ನಾನು ಪಾತ್ರೆ ತುಂಬಿಸಿದಾಗೆಲ್ಲ ಇಲ್ಲಿಗೇ ಬಂದಿದೆ. ತಣ್ಣಗಿರುತ್ತೆ, ಕೆಳಗೆ ಇಳಿಯುತ್ತೆ. ವಾಸನೆ ಇಲ್ಲ. ಉಸಿರಾಡ್ತಾ ಇದ್ದೀವಿ ಅಂತಾನೇ ಅನ್ಸುತ್ತೆ, ಆದ್ರೆ ಒಳಗೆ ಪ್ರಾಣವಾಯು ಹೋಗ್ತಾ ಇರಲ್ಲ."

ಚಿಕ್ಕಮ್ಮ ಒಮ್ಮೆ ಜೋರಾಗಿ ಉಸಿರೆಳೆದುಕೊಂಡಳು. ಆ ಶಬ್ದಕ್ಕೆ ನಾನು ಅತ್ತುಬಿಟ್ಟೆ.

ಅವಳು ಕಣ್ಣು ಬಿಟ್ಟದ್ದು ಮರುದಿನ, ಆಸ್ಪತ್ರೆಯಲ್ಲಿ. ಎಷ್ಟು ಹೊತ್ತು ಉಸಿರಿಲ್ಲದೆ ಇದ್ದರೋ ಹೇಳಲಾಗದು, ಕಾದು ನೋಡಬೇಕು ಎಂದಿದ್ದರು ಡಾಕ್ಟರು. ತಂಡದವರನ್ನೂ ಬಿಷಪರನ್ನೂ ಬರಬೇಡಿ ಎಂದು ಹೇಳಿ ಗಡುವು ಫಾದರ್ ಮಂಚದ ಪಕ್ಕದಲ್ಲಿ ಬಂದು ನಿಂತಿದ್ದರು. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು.

"ಸಿಸ್ಟರ್, ದೀಪ ನೀವು ಮರೆತಿರ್ಲಿಲ್ಲ. ಒಂದು ದಿನಾನೂ ಮರೆತಿರ್ಲಿಲ್ಲ. ತಪ್ಪು ನಮ್ಮದು. ನನ್ನ ಅವಸರದ್ದು. ಆ ಕೋಣೆ ಮುಚ್ಚಿಸಿದ್ದೀನಿ. ನೀವು ಎಲ್ಲಿಗೂ ಹೋಗ್ಬೇಕಾಗಿಲ್ಲ."

ಚಿಕ್ಕಮ್ಮ ಅವರನ್ನೇ ನೋಡಿದಳು. ಮುಖ ನಿಧಾನವಾಗಿ ಅರಳಿತು. "ಹಾಗಾದ್ರೆ ನನ್ನ ತಲೆ ನೆಟ್ಟಗಿದೆ ಫಾದರ್?"

"ನಮ್ಮೆಲ್ಲರಿಗಿಂತ ನೆಟ್ಟಗಿದೆ."

ಅವಳು ನಕ್ಕಳು. ನಾನೂ ನಕ್ಕೆ. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದು ಹೋದಂತಾಯಿತು. ಫಾದರ್ ಅವಳ ತಲೆ ಮುಟ್ಟಿ ಆಶೀರ್ವದಿಸಿ, ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದರು. ನಾನು ಮಂಚದ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು, ಅವಳಿಗೆ ನೀರು ಕುಡಿಸಿ, ಬಾಯೊರೆಸಿದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ತಳ್ಳಿದಳು. "ಸಾಕು, ನೀನಿನ್ನು ಹೊರಡು ಅಕ್ಕಾ. ಪಾಳಿ ಮುಗೀತಲ್ಲ?"

ನಾನು ಲೋಟವನ್ನು ಮೇಜಿನ ಮೇಲಿಟ್ಟೆ.

"ಪುಟ್ಟಿ ಬಾಗಿಲಲ್ಲೇ ಕೂತಿರ್ತಾಳೆ," ಎಂದಳು ಚಿಕ್ಕಮ್ಮ. ದನಿ ಎಳೆಯ ಹುಡುಗಿಯದಂತೆ ಹಗುರವಾಗಿತ್ತು. "ಎಷ್ಟು ರಮಿಸಿದ್ರೂ ನೀನು ಬರೋವರೆಗೂ ಮಲಗಲ್ಲ ಅದು. ಹಟಮಾರಿ."

ನಾನು ಅಮ್ಮ ಅಲ್ಲ, ನಾನೇ ಪುಟ್ಟಿ ಎಂದು ಕೂಗಬೇಕೆನ್ನಿಸಿತು. ಆದರೆ ಅವಳು ಹೆದರಿದ್ದು ಇದೇ ದಿನಕ್ಕೆ. ಆ ದಿನ ಬಂದಾಯಿತು ಎಂದು ನಾನಾಗಿ ಅವಳಿಗೆ ಹೇಗೆ ಹೇಳಲಿ?

"ಹೊರಡ್ತೀನಿ," ಎಂದೆ. "ನೀನು ಮಲಗಿದ ಮೇಲೆ ಹೊರಡ್ತೀನಿ."

"ಅದನ್ನ ಬೈಬೇಡ," ಎಂದಳು, ಕಣ್ಣು ಮುಚ್ಚುತ್ತಾ. "ಒಳ್ಳೇ ಮಗು."

"ಇಲ್ಲ, ಬೈಯಲ್ಲ," ಎಂದೆ.