ಬೀಗ ಹಾಕಿದ ಅಣಬೆಮನೆ

ನನ್ನ ತಂಗಿ ಕಳ್ಳಿ ಎಂದು ನಾನು ಹದಿನೇಳು ದಿನ ನಂಬಿದ್ದೆ. ಸುಳ್ಳು ಯಾಕೆ ಹೇಳಲಿ, ಹಾಗೆ ನಂಬುವುದರಲ್ಲಿ ಒಂಥರಾ ಸುಖವೂ ಇತ್ತು.

ಅಮ್ಮ ಸಾಯುವಾಗ ಅಣಬೆಮನೆಯನ್ನು ನಮ್ಮಿಬ್ಬರಿಗೂ ಬಿಟ್ಟುಹೋದಳು. ಹುಲ್ಲಿನ ಮಾಡು, ಸುತ್ತ ಪ್ಲಾಸ್ಟಿಕ್ ಪರದೆ, ಒಳಗೆ ಮರದ ಹೊಟ್ಟು ತುಂಬಿದ ಚೀಲಗಳ ಸಾಲು. ಅವಳಿರುವವರೆಗೆ ನಾನು ಯಸೋಥಾನ್ ಪಟ್ಟಣದ ಸಂತೆಯಲ್ಲಿ ಮಾರುವವಳಷ್ಟೇ. ಒಳಗಿನ ಕೆಲಸ ಅವಳದು ಮತ್ತು ತಂಗಿ ಲಮ್ದುವಾನಳದು. ತಾನು ಸತ್ತ ನೂರನೇ ದಿನಕ್ಕೆ ಭಿಕ್ಷುಗಳಿಗೆ ಬಡಿಸುವ ಸಾರು ಅಲ್ಲಿನ ಅಣಬೆಯದೇ ಆಗಬೇಕು, ಅಕ್ಕತಂಗಿ ಕೂಡಿ ಮಾಡಿದ್ದೇ ಆಗಬೇಕು ಎಂಬುದು ಅವಳ ಕೊನೆಯ ಮಾತು.

ಅಮ್ಮ ಹೋದಮೇಲೆ ಒಂದು ಮುಂಜಾನೆ ಲಮ್ದುವಾನ್ ನನಗೆ ಹೇಳದೆ ಅಣಬೆಮನೆಯಿಂದ ಮೆಲ್ಲಗೆ ಹೊರಬರುವುದನ್ನು ಕಂಡೆ. ಮರುದಿನವೂ ಕಂಡೆ. ಕೈಯಲ್ಲಿ ಬುಟ್ಟಿ ಇರಲಿಲ್ಲ, ನಿಜ. ಮಡಿಲಲ್ಲಿ ಏನಿತ್ತೋ ಯಾರು ಬಲ್ಲರು?

ಅವಳು ನುಸುಳದಂತೆ ನಾನು ಪರದೆಯ ಅಂಚಿಗೆಲ್ಲ ಮಣ್ಣು ಮೆತ್ತಿದೆ. ಬಾಗಿಲಿಗೆ ಬೀಗ ಜಡಿದೆ. ದಿನಕ್ಕೆ ನಾಲ್ಕು ಸಲ ನಾನೇ ನೀರು ಸಿಂಪಡಿಸಿ, ಸಂಜೆ ಅಣಬೆ ಎಣಿಸುತ್ತಿದ್ದೆ.

ವಾರ ಕಳೆಯುವಷ್ಟರಲ್ಲಿ ಅಣಬೆ ಕೆಟ್ಟವು. ಕಾಲು ನೋಡಿದರೆ ಬೆರಳುದ್ದ, ತಲೆ ಕೊತ್ತಂಬರಿ ಕಾಳಿನಷ್ಟು. ಮುಟ್ಟಿದರೆ ನೀರು ಜಿನುಗುತ್ತಿತ್ತು.

ತಂಗಿಯ ಅಂಗಳಕ್ಕೇ ಹೋಗಿ ಕೂಗಿದೆ. "ನೀರಿಗೆ ಏನು ಬೆರೆಸಿದ್ಯೇ ಪಾಪಿ?"

ಲಮ್ದುವಾನ್ ಕೋಸಂಬರಿಗೆ ಪಪ್ಪಾಯಿಕಾಯಿ ಕುಟ್ಟುತ್ತಿದ್ದಳು. "ಬೀಗದ ಕೈ ಯಾರ ಹತ್ರ ಇದೆ ಅಕ್ಕಾ?"

"ಬೀಗ ಹಾಕೋಕ್ ಮುಂಚೇನೇ ಬೆರೆಸಿರ್ತೀಯ!"

"ಹಂಗಾ? ಸರಿ, ಅಮ್ಮನ ಸಾರು ನೀನೊಬ್ಳೇ ಮಾಡ್ಕೋ." ಕುಟ್ಟುವ ಸದ್ದು ಮತ್ತೆ ಶುರುವಾಯಿತು.

ಹೊಸ ಚೀಲ ಕೊಳ್ಳೋಣವೆಂದು ಅದನ್ನು ಮಾರುವ ಮುದುಕ ಬುನ್‌ಮಾನನ್ನು ಕರೆಸಿದೆ. ಒಳಗೆ ಹೋದವನು ಉಸ್ಸೆನ್ನುತ್ತ ಹೊರಬಂದು ನನ್ನ ಹೆಸರು ಹಿಡಿದು ಕೇಳಿದ.

"ಯಾರಮ್ಮಾ ಬುಪ್ಪಾ, ಇವುಗಳ ಉಸಿರು ಕಟ್ಟಿಸಿದ್ದು?"

"ಅಣಬೆಗೂ ಉಸಿರಾ?"

"ಮತ್ತೆ? ಅದರ ಒಂದೊಂದು ಜೀವಕೋಶಾನೂ ನಮ್ಮ ಹಾಗೇ ಉಸಿರಾಡುತ್ತೆ. ಬಿಟ್ಟ ಇಂಗಾಲದ ಡೈಆಕ್ಸೈಡು ಹೊರಗೆ ಹೋಗದೆ ತುಂಬ್ಕೊಂಡ್ರೆ ಕೊಡೆ ಬಿಚ್ಚಲ್ಲ, ಬರೀ ಕಾಲು ಉದ್ದ ಆಗುತ್ತೆ. ಮೇಲಿಂದ ನೀನು ನೀರು ಸುರಿದಿದ್ದೀಯ, ಕುಡಿದೂ ಕುಡಿದೂ ಊದ್ಕೊಂಡಿವೆ. ನಿಮ್ಮಮ್ಮ ದಿನಾ ಬೆಳಗ್ಗೆ ಪರದೆ ಎತ್ತಿ ಕಟ್ಟೋಳು. ಅವಳು ಹೋದ್ಮೇಲೆ ನಿನ್ನ ತಂಗಿ ಎತ್ತೋದನ್ನ ನಾನೇ ನೋಡಿದ್ದೀನಲ್ಲ!"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾಚಿಕೆಯಿಂದ ಮುದುಕನ ಮುಖ ನೋಡಲಾಗಲಿಲ್ಲ. ಮಣ್ಣು ಕಿತ್ತೆ, ಪರದೆ ಎತ್ತಿದೆ, ಬೀಗವನ್ನು ಕೊಳಕ್ಕೆ ಎಸೆದೆ.

ತೊಂಬತ್ತೊಂಬತ್ತನೇ ದಿನ ಅಂಗೈಯಗಲದ ಅಣಬೆಗಳು ಅರಳಿದ್ದವು. ಬುಟ್ಟಿ ತುಂಬಿಕೊಂಡು ತಂಗಿಯ ಅಂಗಳಕ್ಕೆ ಹೋದೆ.

"ತಪ್ಪಾಯ್ತು ಕಣೇ. ನಾಳೆ ಬಾ, ಇಬ್ಬರೂ ಸೇರಿ ಸಾರು ಮಾಡೋಣ."

ಅವಳು ಒಂದು ಅಣಬೆ ಎತ್ತಿ, ತಿರುಗಿಸಿ ನೋಡಿ, ಮತ್ತೆ ಬುಟ್ಟಿಯಲ್ಲಿಟ್ಟಳು.

"ಎಣಿಸ್ಕೊಂಡು ತಂದಿದ್ದೀಯಾ ಅಕ್ಕಾ?"

ಎಣಿಸಿದ್ದೆ. ನೂರಾ ಹದಿನಾಲ್ಕಿದ್ದವು.