ವೆಲ್ವೆಟ್ ಡಬ್ಬಿಯ ರಾಣಿ

ನಮ್ಮ ಮ್ಯೂಸಿಯಂನ ಮೂಲೆ ಕೋಣೆ ನಾಣ್ಯಗಳಿಗೆ ಸಿಗುತ್ತದೋ ಹಕ್ಕಿಗಳ ಪಾಲಾಗುತ್ತದೋ ಎಂಬುದು ಆ ವಾರ ಡ್ರಿಲ್ ಮೇಷ್ಟ್ರ ಕೈಯಲ್ಲಿತ್ತು. ಅವರು ತಮ್ಮ ಮನೆತನದ ನಾಣ್ಯಗಳನ್ನು ಕೊಟ್ಟರೆ ಕೋಣೆ ನಾಣ್ಯ ವಿಭಾಗದವಳಾದ ನನ್ನದು. ಕೊಡದಿದ್ದರೆ ಖಾಲಿ ಗಾಜಿನ ಪೆಟ್ಟಿಗೆಗಳನ್ನು ಯಾರೂ ನೋಡುವುದಿಲ್ಲ ಎಂದು ಕಾರ್ಯದರ್ಶಿಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹೊಟ್ಟು ತುಂಬಿದ ಹಕ್ಕಿಗಳ ವಿಭಾಗ ನೋಡಿಕೊಳ್ಳುವ ಹಕ್ಕಿ ಮೇಡಂ ಆಗಲೇ ಟೇಪು ಹಿಡಿದು ಬಂದು ಗೋಡೆಯ ಅಳತೆ ತೆಗೆದುಕೊಂಡಿದ್ದರು.

“ಬೇಜಾರು ಮಾಡ್ಕೋಬೇಡ ಕಣೇ. ನಮ್ಮ ಕೊಕ್ಕರೆಗೂ ಕಾಲು ಚಾಚೋಕೆ ಜಾಗ ಬೇಕಲ್ಲ” ಎಂದರು.

“ಅದು ಸತ್ತು ಎಷ್ಟೋ ವರ್ಷ ಆಯ್ತು. ಇನ್ನೆಲ್ಲಿಗೆ ಕಾಲು ಚಾಚುತ್ತೆ?” ಎಂದೆ.

ಮೇಷ್ಟ್ರು ಹಿಂದಿನ ದಿನವೇ ಒಂದು ನಾಣ್ಯವನ್ನು ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದರು. ನೀಲಿ ವೆಲ್ವೆಟ್ಟಿನ ಡಬ್ಬಿ. ಒಳಗೆ ಪರದೇಶದ ರಾಣಿಯ ತಲೆಯಿದ್ದ ಬೆಳ್ಳಿ ನಾಣ್ಯ. ಮೇಷ್ಟ್ರ ತಾತ ಸರ್ಕಾರಿ ಕಚೇರಿಗಳಿಗೆ ಹಿತ್ತಾಳೆ ಮುದ್ರೆ ಕೆತ್ತಿಕೊಡುತ್ತಿದ್ದವರು. ರಾಣಿಯ ಆಳ್ವಿಕೆಯನ್ನು ಎದುರು ಹಾಕಿಕೊಂಡು ಜೈಲಿಗೆ ಹೋದರೆಂದೂ ಹೊರಬಂದ ಮೇಲೆ ಈ ಒಂದು ನಾಣ್ಯವನ್ನು ಸಾಯುವವರೆಗೂ ಜೋಪಾನ ಮಾಡಿದರೆಂದೂ ಮನೆಯ ಕಥೆ. “ಮೊದಲು ಇದಕ್ಕೆ ಒಳ್ಳೆ ಜಾಗ ತೋರ್ಸಿ. ಆಮೇಲೆ ಉಳಿದ ಪೆಟ್ಟಿಗೆ” ಎಂದು ಶಿಸ್ತಾಗಿ ತಿರುಗಿ ನಡೆದಿದ್ದರು.

ನಾನು ಓದಿದ್ದು ರಸಾಯನಶಾಸ್ತ್ರ. ಕೈಗೆ ಬಂದ ನಾಣ್ಯವನ್ನು ತೂಗದೆ ಪೆಟ್ಟಿಗೆಗೆ ಸೇರಿಸುವುದು ನನ್ನಿಂದಾಗದು. ರಾಣಿಯ ಕಾಲದ ಸರ್ಕಾರಕ್ಕೂ ಇದೇ ಚಿಂತೆಯಿತ್ತು. ಅದಕ್ಕೆ ಮುಂಚೆ ಒಬ್ಬೊಬ್ಬ ಪಾಳೆಯಗಾರನಿಗೂ ಒಂದೊಂದು ಟಂಕಸಾಲೆ. ಊರು ದಾಟಿದರೆ ನಾಣ್ಯ ಬದಲಿಸಿಕೊಡುವವನಿಗೆ ಪಾಲು ಕೊಡಬೇಕು. ಪರದೇಶದವರು ಯಂತ್ರ ತಂದು, ಎಲ್ಲ ಕಡೆಗೂ ಒಂದೇ ತೂಕ, ಒಂದೇ ಬೆಳ್ಳಿ, ಒಂದೇ ಮುಖ ಮಾಡಿದರು. ಯಾರೂ ಅಂಚು ಕೆರೆದು ಬೆಳ್ಳಿ ಕದಿಯದಿರಲೆಂದು ಸುತ್ತ ಸಣ್ಣ ಗೀರುಗಳನ್ನು ಒತ್ತಿದರು. ಆದರೂ ಜನ ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳದೆ ನಂಬುತ್ತಿರಲಿಲ್ಲ. ನಾನೂ ಆ ಜನರ ಪೈಕಿಯೇ.

ಮೇಷ್ಟ್ರ ನಾಣ್ಯದ ತೂಕ ಸರಿಯಾಗಿಯೇ ಇತ್ತು. ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಮತ್ತೆ ತೂಗಿದೆ. ಬೆಳ್ಳಿಯಾಗಿದ್ದರೆ ಅಷ್ಟು ಹಗುರವಾಗಬಾರದಿತ್ತು. ದಪ್ಪ ಅಳೆದೆ: ಅಸಲಿಗಿಂತ ಕೊಂಚ ಹೆಚ್ಚು. ಒಳಗೆ ಹಿತ್ತಾಳೆ, ಮೇಲೆ ಬೆಳ್ಳಿಯ ಲೇಪ. ಹಗುರ ಲೋಹದಿಂದ ತೂಕ ಸರಿದೂಗಿಸಲು ದಪ್ಪ ಮಾಡಿದ್ದರು. ಅಚ್ಚುಕಟ್ಟಾದ ಕೆಲಸ. ರಾಣಿಯ ಗದ್ದದ ಮೇಲೆ ಮಾತ್ರ ಒಂದು ಉಬ್ಬಿದ ಚುಕ್ಕೆಯಿತ್ತು. ಅಚ್ಚಿನಲ್ಲಿ ಬಿದ್ದ ಸಣ್ಣ ಕುಳಿಯ ಗುರುತು ಎಂದುಕೊಂಡೆ.

ಖೋಟಾ ನಾಣ್ಯ. ಹಿತ್ತಾಳೆ ಕೆತ್ತುವ ತಾತ. ಜೈಲು. ಎಷ್ಟು ಬೇಡವೆಂದರೂ ಮೂರೂ ಒಂದಕ್ಕೊಂದು ಕೂಡಿಕೊಂಡವು.

ಮರುದಿನ ಮೇಷ್ಟ್ರು ಮರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಜೊತೆಗೆ ಎಂಬತ್ತು ದಾಟಿದ ಅವರ ಅಕ್ಕ. ಆಕೆ ಕುರ್ಚಿಯಲ್ಲಿ ಕೂತವರೇ ತಕ್ಕಡಿ, ನೀರಿನ ಲೋಟ, ದಾರ ಎಲ್ಲ ನೋಡಿ, “ಇದೇನೇ ಹುಡುಗಿ, ನಾಣ್ಯಕ್ಕೂ ಸ್ನಾನ ಮಾಡಿಸ್ತೀಯಾ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಸುತ್ತಿ ಬಳಸಿ ಏನೋ ಹೇಳತೊಡಗಿದೆ.

“ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ ಮೇಡಂ. ನೇರ ಹೇಳಿ” ಎಂದರು ಮೇಷ್ಟ್ರು.

“ಇದು ಟಂಕಸಾಲೆಯದಲ್ಲ ಸಾರ್. ಖೋಟಾ. ಬಹುಶಃ ನಿಮ್ಮ ತಾತನೇ ಮಾಡಿದ್ದು.”

ಮೇಷ್ಟ್ರ ಮುಖ ಕೆಂಪಾಯಿತು. “ನಮ್ಮ ತಾತ ರಾಣಿಗೆ ಎದುರು ನಿಂತೋರು!”

“ಇರಬಹುದು. ಆದರೆ ಚೀಟಿಯಲ್ಲಿ ಅಸಲಿ ಅಂತ ನಾನು ಬರೆಯೋಕಾಗಲ್ಲ.”

“ಬರೀಲೇಬೇಡಿ. ನಾಣ್ಯ ಇದ್ರೆ ತಾನೇ ಚೀಟಿ?” ಅವರು ವೆಲ್ವೆಟ್ ಡಬ್ಬಿಯ ಕಡೆ ಕೈ ಚಾಚಿದರು. ಮರದ ಪೆಟ್ಟಿಗೆ ಮತ್ತೆ ಕಂಕುಳು ಸೇರಿತು. “ಏಳಕ್ಕ, ಹೋಗೋಣ. ಇಲ್ಲಿ ಮರ್ಯಾದಸ್ಥರಿಗೆ ಜಾಗ ಇಲ್ಲ.”

ನನ್ನ ಕಣ್ಣ ಮುಂದೆ ಕೊಕ್ಕರೆ ಕಾಲು ಚಾಚಿ ನಿಂತಿತು. ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತೇ ಎಂದೂ ಯೋಚಿಸಿದೆ. ಆದರೂ ಡಬ್ಬಿಯನ್ನು ಅವರತ್ತ ಸರಿಸಿದೆ.

“ಲೋ, ನಿಂತ್ಕೊಳ್ಳೋ. ಇಷ್ಟು ವರ್ಷ ನನ್ನ ಕೈಗೇ ಕೊಟ್ಟಿಲ್ಲ ನೀನು. ಡಬ್ಬಿ ಮುಟ್ಟಿದ್ರೆ ಗದರಿಸ್ತಿದ್ದೆ. ಖೋಟಾ ಅಂತಾದ್ರೂ ಒಂದ್ಸಲ ನೋಡ್ತೀನಿ” ಎಂದು ಅಕ್ಕ ಕೂತಲ್ಲೇ ಕೈ ನೀಡಿದರು.

ಮೇಷ್ಟ್ರು ಗೊಣಗಿಕೊಂಡೇ ಕೊಟ್ಟರು. ನಾನು ಭೂತಗನ್ನಡಿ ಕೊಟ್ಟು, ದೀಪವನ್ನು ಹತ್ತಿರ ಎಳೆದೆ. ಹೋಲಿಸಿ ನೋಡಲಿ ಎಂದು ನಮ್ಮ ಮ್ಯೂಸಿಯಂನ ಅಸಲಿ ರಾಣಿಯನ್ನೂ ಪಕ್ಕದಲ್ಲಿಟ್ಟೆ. ಅಕ್ಕ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಳುತ್ತಿದ್ದಾರೋ ಎಂದು ನನಗೆ ಗಾಬರಿಯಾಯಿತು.

“ಏನಕ್ಕ?”

“ಅಯ್ಯೋ ಪೆದ್ದೇ, ಇದು ಎಲ್ಲಿಯ ರಾಣಿಯೋ? ಇದು ಅಜ್ಜಿ ಕಣೋ! ನಮ್ಮಜ್ಜಿ!”

ಮೇಷ್ಟ್ರು ಭೂತಗನ್ನಡಿ ಕಸಿದುಕೊಂಡರು.

“ಮೂಗು ನೋಡು, ನಡುವೆ ಗುಡ್ಡ ಎದ್ದಿದೆ. ಆ ಅಸಲಿ ರಾಣಿಗೆ ಹಾಗಿದೆಯೇನೋ? ಗದ್ದದ ಮೇಲೆ ಮಚ್ಚೆ ನೋಡು. ನೀನು ಹುಟ್ಟೋ ಮೊದಲೇ ಅಜ್ಜಿ ಹೋದಳು, ನಿನಗೇನು ಗೊತ್ತು? ನಾನು ಅವಳ ತೊಡೆ ಮೇಲೆ ಕೂತು ಆ ಮಚ್ಚೆ ಹಿಡಿದು ಎಳೀತಿದ್ದೆ.”

ಅಕ್ಕನ ಮೂಗಿನ ನಡುವೆಯೂ ಅದೇ ಗುಡ್ಡವಿತ್ತು. ಬಗ್ಗಿ ಭೂತಗನ್ನಡಿಯಲ್ಲಿ ನೋಡುತ್ತಿದ್ದ ಮೇಷ್ಟ್ರಿಗೂ ಇತ್ತು. ನಾನು ಅಚ್ಚಿನ ದೋಷವೆಂದುಕೊಂಡಿದ್ದು ಮಚ್ಚೆ! ತಾತ ರಾಣಿಯನ್ನು ಕಂಡಿದ್ದರೇ? ಆ ಕಾಲದ ಬಹುಪಾಲು ಜನಕ್ಕೆ ಅವಳು ಗೊತ್ತಿದ್ದದ್ದು ಸವೆದ ನಾಣ್ಯಗಳಿಂದ ಮಾತ್ರ. ಮೂಗು, ಗದ್ದ ಅಳಿಸಿಹೋದ ಮುಖವನ್ನು ಎದುರಿಗಿಟ್ಟುಕೊಂಡು ಕೂತಾಗ, ಅಳಿದ ಭಾಗವನ್ನು ಅವರು ಮನೆಯಲ್ಲಿ ದಿನಾ ನೋಡುತ್ತಿದ್ದ ಮುಖದಿಂದ ತುಂಬಿದ್ದರು.

“ಇಂಥ ನಾಣ್ಯ ಚಲಾಯಿಸೋಕೆ ಹೋಗಿ ತಾತ ಹೇಗೆ ಸಿಕ್ಕಿಬಿದ್ದರು ಅಂತ ಈಗ ತಿಳೀತು. ಊರಿನವರೆಲ್ಲ ಗುರುತು ಹಿಡಿದಿರ್ತಾರೆ!” ಎಂದರು ಅಕ್ಕ ಕಣ್ಣೊರೆಸಿಕೊಳ್ಳುತ್ತ. ಆಮೇಲೆ ದನಿ ತಗ್ಗಿಸಿದರು. “ಅಜ್ಜಿ ಹೇಳ್ತಿದ್ದಳು: ಆ ಮನುಷ್ಯ ಒಂದು ದಿನ ನನ್ನ ಮುಖ ನೆಟ್ಟಗೆ ನೋಡಿದೋನಲ್ಲ, ಸದಾ ಬಗ್ಗಿ ಕೆತ್ತೋದೇ ಆಯ್ತು ಅಂತ.”

ಮೇಷ್ಟ್ರು ನಾಣ್ಯವನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದರು. ಹುಟ್ಟುವ ಮೊದಲೇ ತೀರಿಹೋದ ಅಜ್ಜಿಯನ್ನು ಅವರು ಮೊದಲ ಸಲ ನೋಡುತ್ತಿದ್ದರು.

“ಚೀಟಿ ಬರೀರಿ” ಎಂದರು ಕೊನೆಗೆ.

“ಖೋಟಾ ಅಂತ ಬರೀಬೇಕಾಗುತ್ತೆ ಸಾರ್.”

“ದಪ್ಪ ಅಕ್ಷರದಲ್ಲಿ ಬರೀರಿ. ರಾಣಿ ಹೆಸರು, ನಮ್ಮಜ್ಜಿ ಮುಖ. ಅದೂ ಬರೀರಿ. ಬಾಗಿಲಿಗೆ ಎದುರಾಗಿ ಅಜ್ಜಿ ಇರ್ಬೇಕು. ಆ ನಿಮ್ಮ ರಾಣಿ ಬೇಕಾದ್ರೆ ಪಕ್ಕದಲ್ಲಿ ನಿಂತ್ಕೊಳ್ಳಲಿ.”

“ತಾತ ಜೈಲಿಗೆ ಹೋಗಿದ್ದು?”

“ರಾಣಿ ತಲೆ ತೆಗೆದು ಹೆಂಡತಿ ತಲೆ ಕೂರಿಸಿದಾರೆ. ಅದಕ್ಕಿಂತ ದೊಡ್ಡ ದಂಗೆ ಇನ್ನೇನು ಬೇಕು ಮೇಡಂ?”

ಮರದ ಪೆಟ್ಟಿಗೆ ಕಂಕುಳಿನಿಂದ ಇಳಿದು ನನ್ನ ಮೇಜಿನ ಮೇಲೆ ಕೂತಿತು. ಮುಚ್ಚಳ ತೆಗೆದವರೇ ಮೇಷ್ಟ್ರು ಮೊದಲ ನಾಣ್ಯವನ್ನು ಆರಿಸಿ ನನಗೆ ಕೊಟ್ಟರು. “ಇದಕ್ಕೂ ಸ್ನಾನ ಮಾಡಿಸಿ. ತಾತ ಒಂದಕ್ಕೇ ನಿಲ್ಲಿಸೋ ಜನ ಅಲ್ಲ.”

ದಾರ ಕಟ್ಟಿ ನೀರಿಗೆ ಇಳಿಬಿಟ್ಟೆ. ಅಕ್ಕ, ತಮ್ಮ ಇಬ್ಬರೂ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು.

“ಅಪ್ಪಟ ಬೆಳ್ಳಿ ಸಾರ್” ಎಂದೆ.

“ಛೆ!” ಎಂದರು ಮೇಷ್ಟ್ರು. “ಇನ್ನೊಂದು ನೋಡಿ.”